ಹನ್ನೆರಡು ಇಂಚು ಹಿಂದಿದ್ದ ಹಿಚ್

ಟ್ರೇಲರ್ ಕಟ್ಟಿದಾಗ ನನ್ನ ಪಿಕಪ್ ಟ್ರಕ್ಕಿನ ಮುಂದಿನ ಆಕ್ಸಲ್ (ಚಕ್ರಗಳ ಅಚ್ಚು) ಮೇಲೆ ಇನ್ನೂರು ಪೌಂಡ್ ಕಡಿಮೆ. ಟ್ರಕ್ ಸ್ಟಾಪ್‌ನ ತೂಕದ ಚೀಟಿಯಲ್ಲಿ ಅದನ್ನು ಕಂಡ ದಿನ, ಎರಡು ಬೇಸಿಗೆ ನಾನು ಸುರಿದ ಡಾಲರುಗಳೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿವೆ ಎಂದು ತಿಳಿಯಿತು.

ನನ್ನದು ಮುಕ್ಕಾಲು ಟನ್ ಎಂಬ ವರ್ಗದ ಪಿಕಪ್, ಹಿಂದಿನ ಸಾಮಾನಿನ ತೊಟ್ಟಿ ಅಂದರೆ ಬೆಡ್ ಗಿಡ್ಡ, ವೀಲ್‌ಬೇಸ್ (ಎರಡು ಆಕ್ಸಲ್‌ಗಳ ನಡುವಿನ ದೂರ) ಸುಮಾರು 150 ಇಂಚು. ಸಾಮಾನು ತುಂಬಿದ ಫಿಫ್ತ್ ವೀಲ್ ಟ್ರೇಲರ್ (ಬೆಡ್ಡಿನೊಳಗಿನ ಹಿಚ್ ಎಂಬ ಕೊಂಡಿಗೆ ಸಿಕ್ಕಿಸುವ ಬಗೆ) ಹತ್ತು ಸಾವಿರ ಪೌಂಡಿನ ಆಸುಪಾಸು. ಅದು ತನ್ನ ಪಿನ್ನಿನ ಮೂಲಕ ಹಿಚ್ಚಿನ ಮೇಲೆ ಹೊರಿಸುವ ಭಾರ ಎರಡು ಸಾವಿರ. ತಿರುವಿನಲ್ಲಿ ಟ್ರೇಲರಿನ ಮೂಲೆ ಕ್ಯಾಬಿನ ಹಿಂದಿನ ಗಾಜಿಗೆ ಬಡಿದೀತೆಂದು ಹೆದರಿ, ಹಿಚ್ಚನ್ನು ಹಿಂದಿನ ಆಕ್ಸಲ್‌ಗಿಂತ ಹನ್ನೆರಡು ಇಂಚು ಹಿಂದಕ್ಕೆ ಕೂರಿಸಿದ್ದೆ. ವೈಯೋಮಿಂಗ್‌ನ ಇಂಟರ್‌ಸ್ಟೇಟ್ 80ರ ಅಡ್ಡಗಾಳಿಯಲ್ಲಿ ಸ್ಟಿಯರಿಂಗ್ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಹಿಂಭಾಗ ಕುಸಿದು ಹೆಡ್‌ಲೈಟ್ ಮೇಲೆದ್ದದ್ದರಿಂದ ರಾತ್ರಿ ಎದುರಿನವರೆಲ್ಲ ಲೈಟ್ ಮಿನುಗಿಸಿ ಎಚ್ಚರಿಸುತ್ತಿದ್ದರು.

ಏರ್‌ಬ್ಯಾಗ್ (ಹಿಂದಿನ ಸ್ಪ್ರಿಂಗಿಗೆ ಆಸರೆ ಕೊಡುವ ಗಾಳಿಚೀಲ) ಹಾಕು ಎಂದು ಕಂಡವರು ಹೇಳಿದರು. ಹಾಕಿದೆ, ಐನೂರು ಡಾಲರ್. ಹಿಂಭಾಗ ಎದ್ದು ನಿಂತಿತು, ಹೆಡ್‌ಲೈಟ್ ಸರಿಯಾಯಿತು, ಆದರೆ ಸ್ಟಿಯರಿಂಗ್ ಹಾಗೆಯೇ ಉಳಿಯಿತು. ಏರ್‌ಬ್ಯಾಗ್ ಎತ್ತರವನ್ನು ಸರಿಪಡಿಸುತ್ತದೆಯೇ ಹೊರತು ಹಿಂದಿರುವ ಭಾರವನ್ನು ಮುಂದಕ್ಕೆ ತಳ್ಳುವುದಿಲ್ಲ. ಆಮೇಲೆ ಹೊಸ ಶಾಕ್ ಅಬ್ಸಾರ್ಬರ್, ಅಲೈನ್‌ಮೆಂಟ್. ಇನ್ನೊಂದು ನಾನೂರು ಹೋಯಿತು. ಕೊನೆಗೆ ಇನ್ನೂ ದೊಡ್ಡ, ಒಂದು ಟನ್ ವರ್ಗದ ಟ್ರಕ್ಕನ್ನೇ ಕೊಳ್ಳು ಎಂಬ ಸಲಹೆ ಬಂತು. ಹಿಚ್ ಸರಿಸಿ ನೋಡುತ್ತೇನೆ ಎಂದಾಗ, ಒಂದು ಅಡಿಯಿಂದ ಏನಾಗುತ್ತದೆ ಎಂದು ಎಲ್ಲರೂ ಅಡ್ಡಡ್ಡ ತಲೆಯಾಡಿಸಿದರು.

ಹದಿನೈದು ಡಾಲರ್ ಚಿಲ್ಲರೆ ಕೊಟ್ಟು ತೂಗಿಸಿದೆ. ಟ್ರೇಲರ್ ಇಲ್ಲದೆ, ಬೆಡ್ ಖಾಲಿಯಿದ್ದಾಗ ಮುಂದೆ 4300 ಪೌಂಡ್, ಹಿಂದೆ 2900. ಟ್ರೇಲರ್ ಕಟ್ಟಿ ಬೆಡ್ಡಿಗೆ ಜನರೇಟರ್ ಏರಿಸಿದ ಮೇಲೆ ಮುಂದೆ 4100, ಹಿಂದೆ 5250. ಪಿನ್ನಿನ ಭಾರವನ್ನು ಹನ್ನೆರಡರಿಂದ ಗುಣಿಸಿ 150ರಿಂದ ಭಾಗಿಸಿದರೆ 160 ಪೌಂಡ್; ಹಿಂದಿನ ಆಕ್ಸಲ್ ಮೇಲೆ ಸನ್ನೆಗೋಲಿನಂತೆ ಅಷ್ಟನ್ನು ಹಿಚ್ ಒಂದೇ ಮುಂದಿನಿಂದ ಕಿತ್ತುಕೊಂಡಿತ್ತು. ಉಳಿದದ್ದು ಟೈಲ್‌ಗೇಟಿಗೆ ಒತ್ತಿ ಇಟ್ಟಿದ್ದ ಜನರೇಟರಿನ ಕೆಲಸ.

ಹಿಚ್ಚನ್ನು ಬೆಡ್ಡಿಗೆ ಹಿಡಿದಿಡುವ ಹಳೆಯ ರೈಲುಗಳನ್ನು, ಅಂದರೆ ಉಕ್ಕಿನ ಪಟ್ಟಿಗಳನ್ನು, ಬಿಚ್ಚಿದಾಗ ಇನ್ನೊಂದು ತಪ್ಪು ಕಂಡಿತು. ಬೆಡ್ಡಿಗೆ ಹಾಸಿದ ರಬ್ಬರ್ ಮ್ಯಾಟಿನ ಮೇಲೆಯೇ ರೈಲು ಬಿಗಿದಿದ್ದೆ. ಮ್ಯಾಟು ಹಪ್ಪಳದಷ್ಟು ತೆಳ್ಳಗಾಗಿ, ಬೋಲ್ಟುಗಳು ಬೆರಳಿಗೇ ತಿರುಗುವಷ್ಟು ಸಡಿಲವಾಗಿದ್ದವು. ಸ್ಪೇಸರ್ (ನಡುವಿನ ಸಂದು ತುಂಬುವ ಲೋಹದ ತುಂಡು) ಇಲ್ಲದ ಕಡೆ ಬೆಡ್ಡಿನ ಏಣುಗಳು ಚಪ್ಪಟೆಯಾಗಿದ್ದವು. ಆ ತೆಳು ತಗಡು ಭಾರ ಹೊರುವುದಿಲ್ಲ. ರೈಲು ಮತ್ತು ಬ್ರಾಕೆಟ್ ಆ ಭಾರವನ್ನು ಚಾಸಿಗೆ (ಟ್ರಕ್ಕಿನ ಕೆಳಗಿನ ಉಕ್ಕಿನ ಚೌಕಟ್ಟಿಗೆ) ದಾಟಿಸಬೇಕು.

ಏಳುನೂರು ಡಾಲರಿಗೆ ಹಿಂದೆ ಮುಂದೆ ಜರುಗಿಸಬಹುದಾದ ಹಳೆಯ ಸ್ಲೈಡರ್ ಹಿಚ್ ಕೊಂಡೆ. ದಾರಕ್ಕೆ ನಟ್ಟು ಕಟ್ಟಿ ಇಳಿಬಿಟ್ಟು ಆಕ್ಸಲ್ ನಡುವನ್ನು ಗುರುತಿಸಿದೆ. ಓಡಿಸುವಾಗ ಪಿನ್ನು ಆಕ್ಸಲ್‌ಗಿಂತ ಎರಡು ಇಂಚು ಮುಂದೆ ಬರುವಂತೆ ರೈಲು ಕೂರಿಸಿದೆ; ಪಾರ್ಕಿಂಗ್‌ನಲ್ಲಿ ಇಕ್ಕಟ್ಟಾದರೆ ಮಾತ್ರ ಹಿಂದಕ್ಕೆ ಎಳೆಯುತ್ತೇನೆ. ರೈಲು ಕೂರುವ ಕಡೆ ಮ್ಯಾಟನ್ನು ರೈಲಿನ ಅಗಲಕ್ಕೆ ಕತ್ತರಿಸಿ ತೆಗೆದೆ. ನಾಲ್ಕೂ ಮೂಲೆಗಳು ಒಂದೇ ಸಮ ಕೂರುವಂತೆ ಬೋಲ್ಟು ಬಿಗಿಯುವ ಕ್ರಮವೊಂದನ್ನು ಕಂಡುಕೊಂಡಿದ್ದೇನೆ. ಅದು ನನ್ನಲ್ಲೇ ಇರಲಿ. ಜನರೇಟರ್ ಕ್ಯಾಬಿನ ಬೆನ್ನಿಗೆ ಹೋಯಿತು.

ಮತ್ತೆ ತೂಗಿಸಿದಾಗ ಮುಂದೆ 4350, ಹಿಂದೆ 5000ದ ಹತ್ತಿರ. ಅದೇ ಇಂಟರ್‌ಸ್ಟೇಟ್ 80ರಲ್ಲಿ, ಅಷ್ಟೇ ಗಾಳಿಯಲ್ಲಿ, ಒಂದೇ ಕೈಯಲ್ಲಿ ಹಿಡಿದರೂ ಗಾಡಿ ನೇರ ಹೋಗುತ್ತದೆ. ತಲೆಯಾಡಿಸಿದವರಲ್ಲಿ ಇಬ್ಬರು ನನ್ನ ಚೀಟಿಗಳ ಫೋಟೊ ತೆಗೆದುಕೊಂಡು ಹೋದರು.

ಆ ಹುಮ್ಮಸ್ಸಿನಲ್ಲಿ ಹಿಚ್ಚಿನ ತಲೆಯನ್ನು ಒಂದು ತೂತು ಕೆಳಗಿಳಿಸಿ ಟ್ರೇಲರನ್ನು ಮಟ್ಟಸಗೊಳಿಸಲು ಹೋದೆ. ಮಟ್ಟವಾಗಿ ನಿಂತಿತು, ಆದರೆ ಬೆಡ್ಡಿನ ಪಕ್ಕೆಗೂ ಟ್ರೇಲರಿಗೂ ನಡುವೆ ನಾಲ್ಕೇ ಇಂಚು ಉಳಿಯಿತು. ಒಂದು ತಗ್ಗಿನಲ್ಲಿ ಇಳಿದಾಗ ಪಕ್ಕೆ ನಜ್ಜಾಯಿತು, ಮುನ್ನೂರು ಡಾಲರ್. ಈಗ ಆರು ಇಂಚಿಗೆ ಕಡಿಮೆ ಬಿಡುವುದಿಲ್ಲ.

ನೀರಿನ ಟ್ಯಾಂಕಿನ ಮೇಲೂ ಒಂದು ಪ್ರಯೋಗ ಮಾಡಿದೆ. ನನ್ನ ಟ್ಯಾಂಕ್ ಟ್ರೇಲರ್ ಆಕ್ಸಲ್‌ಗಳ ಮುಂದಿದೆ. ಐವತ್ತು ಗ್ಯಾಲನ್ ತುಂಬಿದರೆ ನಾನೂರು ಪೌಂಡಿಗೆ ಮೇಲೆ, ಅದರಲ್ಲಿ ನೂರರಷ್ಟು ಪಿನ್ನಿಗೆ ಬರುತ್ತದೆ. ಈಗ ಕಾಲು ಟ್ಯಾಂಕ್ ನೀರಿನಲ್ಲಿ ಹೊರಟು ತಲುಪಿದ ಮೇಲೆ ತುಂಬಿಸುತ್ತೇನೆ.