ತೋಳು ಒಂದು ಬೆರಳು ಮೇಲೆ: ನನ್ನ ಅನುಭವ

ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲೂ ಸ್ವೆಟರ್ ತೆಗೆಯದ ಏಳನೇ ಕ್ಲಾಸಿನ ಹುಡುಗಿ. ಲೆಕ್ಕ ಬಾಯಲ್ಲೇ ಬಿಡಿಸುತ್ತಿದ್ದಳು, ಬೋರ್ಡಿಗೆ ಕರೆದರೆ ಮಾತ್ರ ‘ಒಲ್ಲೆರಿ ಟೀಚರ್’ ಎಂದು ತಲೆ ತಗ್ಗಿಸುತ್ತಿದ್ದಳು. ಹಂಡೆಯ ಕುದಿನೀರು ಚೆಲ್ಲಿ ಬಲಗೈ ಚರ್ಮ ಗಂಟುಗಂಟಾಗಿತ್ತು. ಸುಟ್ಟ ಕಲೆ ಉಬ್ಬದಂತೆ ಒತ್ತಿ ಹಿಡಿಯಲು ದಿನಕ್ಕೆ 23 ಗಂಟೆ ಹಾಕುವ ಬಿಗಿ ಬಟ್ಟೆಯ, ಅಂದರೆ ಪ್ರೆಶರ್ ಗಾರ್ಮೆಂಟಿನ, ಕಾಲವೂ ಮುಗಿದಿತ್ತು. ‘ತಾನಾಗೇ ಮರೀತಾಳ, ಬಿಡ್ರಿ’ ಎಂದವರು ನಮ್ಮ ಸ್ಟಾಫ್ ರೂಮಿನಲ್ಲೇ ನಾಲ್ಕೈದು ಜನ.

ಮೊದಲು ನಾನೇ ಎರಡು ಸಲ ಕೆಡಿಸಿದೆ. ‘ನೀ ಭಾಳ ಚೆಂದ ಅದಿ’ ಅಂದೆ. ಟೀಚರ್ ಸುಳ್ಳು ಹೇಳ್ತಾರ ಎಂದು ಅವ್ವನ ಹತ್ತಿರ ಅತ್ತಳಂತೆ. ಸಾವಿರದ ಮೇಲೆ ಕೊಟ್ಟು ನಿಲುವುಗನ್ನಡಿ ತಂದು ಎದುರು ನಿಲ್ಲಿಸಿದೆ. ಹತ್ತು ಹನ್ನೊಂದು ದಿನ ಶಾಲೆಗೇ ಬರಲಿಲ್ಲ. ಆಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಫೋನ್ ಮಾಡಿದೆ, ಆಮೇಲೆ ಮನೋವೈದ್ಯರಿಗೂ ತೋರಿಸಿದೆವು. ಮೆಟ್ಟಿಲು ಚಿಕ್ಕದಿರಲಿ, ಹತ್ತುವುದು ಇಳಿಯುವುದು ಅವಳ ಕೈಯಲ್ಲೇ ಇರಲಿ ಎಂದರು.

ತುಂಬುತೋಳಿನ ಎರಡು ಯೂನಿಫಾರ್ಮ್ ಹೊಲಿಸಿದೆ. ಸುಮಾರು ಒಂಬೈನೂರು ಆಯಿತು, ನನ್ನ ಕೈಯಿಂದಲೇ. ಹದಿನೈದು ದಿನಕ್ಕೊಮ್ಮೆ ತೋಳು ಒಂದು ಬೆರಳು ಮೇಲೆ. ಬಟ್ಟೆ ಕತ್ತರಿಸಲು ಟೈಲರ್‌ಗೆ ಬಿಡಲಿಲ್ಲ; ಒಳಗೆ ಮಡಿಚಿ ಕಚ್ಚಾ ಹೊಲಿಗೆ ಅಷ್ಟೇ. ಬೇಡವೆನಿಸಿದ ದಿನ ದಾರ ಎಳೆದರೆ ತೋಳು ಕೆಳಗೆ. ಈ ಉಪಾಯ ನನ್ನದೇ, ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಮೊದಲ ಮಡಿಕೆಗೆ ಅವಳನ್ನು ಒಪ್ಪಿಸಿದ ಮಾತನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ನಮ್ಮಿಬ್ಬರದು.

ನಡುವೆ ಇನ್ನೊಂದನ್ನೂ ಮಾಡಿ ನೋಡಿದೆ. ಬಿಸಿಯೂಟದ ಕೋಣೆಯಿಂದ ಕುಕ್ಕರ್ ಸೀಟಿ ಬಂದರೆ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿಯುತ್ತಿದ್ದಳು. ಸೀಟಿ ಎಣಿಸುವ ಕೆಲಸ ಅವಳಿಗೇ ಕೊಟ್ಟೆ: ಎಷ್ಟು ನಿಮಿಷಕ್ಕೊಂದು ಸೀಟಿ, ನೋಟ್‌ಬುಕ್ಕಿನಲ್ಲಿ ಗ್ರಾಫ್. ಮೊದಲು ದೂರದ ಬೇವಿನ ಮರದ ಕೆಳಗೆ ಕೂತು, ಬರಬರುತ್ತ ಬಾಗಿಲ ತನಕ. ಕುದಿಯುವ ಸಾಂಬಾರಿನ ಹತ್ತಿರ ಇವತ್ತಿಗೂ ಹೋಗುವುದಿಲ್ಲ.

ಮೂರನೇ ಮಡಿಕೆಗೆ ಹುಡುಗನೊಬ್ಬ ‘ಹಾವಿನ ತೊಗಲು’ ಅಂದ. ಮರುದಿನ ತೋಳು ಮಣಿಕಟ್ಟಿಗಿಳಿದಿತ್ತು. ಹುಡುಗನನ್ನು ಬೇರೆಯಾಗಿ ಕರೆದು ಮಾತಾಡಿದೆ, ಅವಳನ್ನು ಏನೂ ಕೇಳಲಿಲ್ಲ. ನಾಲ್ಕು ದಿನಕ್ಕೆ ಕಂಪಾಸ್ ಬಾಕ್ಸಿನಿಂದ ಸೂಜಿ ತೆಗೆದು ಎಡಗೈಯಲ್ಲಿ ಸೊಟ್ಟಸೊಟ್ಟಗೆ ತಾನೇ ಹೊಲಿದುಕೊಂಡಳು, ಮೂರರ ಜಾಗಕ್ಕೆ ನಾಲ್ಕು ಬೆರಳು. ಸ್ಟಾಫ್ ರೂಮಿನವರನ್ನು ಕರೆದು ಆ ಹೊಲಿಗೆ ತೋರಿಸಿದೆ.

ಐದಾರು ತಿಂಗಳಿಗೆ ತೋಳು ಮೊಣಕೈಗೆ ಬಂತು. ಬೋರ್ಡಿನ ಮೇಲೆ ಬಲಗೈ ಎತ್ತಿ ಭಿನ್ನರಾಶಿ ಬಿಡಿಸುತ್ತಾಳೆ. ಇದಕ್ಕಿಂತ ಮೇಲೆ ಬ್ಯಾಡ್ರಿ ಅಂದಿದ್ದಾಳೆ. ಟೈಲರ್‌ಗೂ ಹಾಗೇ ಹೇಳಿದ್ದೇನೆ.