ನಾಲ್ಕು ಗಂಟೆಗೆ ಗಾಡಿ ನಿಲ್ಲಿಸಿ: ಬೈಕಿನಲ್ಲಿ ಶ್ರೀಲಂಕಾ ಸುತ್ತುವವರಿಗೆ

ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ನನ್ನದೊಂದು ಬೈಕ್ ಗ್ಯಾರೇಜು. ಇಪ್ಪತ್ತೆರಡು ವರ್ಷ ಊರವರ ಗಾಡಿ ಬಿಚ್ಚಿ ಜೋಡಿಸಿದ್ದೇ ಆಯಿತು. 2025ರ ಮಾರ್ಚ್‌ನಲ್ಲಿ ಅಂಗಡಿಗೆ ಹದಿನೈದು ದಿನ ಬೀಗ ಹಾಕಿ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಶ್ರೀಲಂಕಾ ಸುತ್ತಿ ಬಂದೆ. ಊರೊಳಗಿನ ಓಡಾಟವೂ ಸೇರಿ ಸುಮಾರು 1,450 ಕಿಲೋಮೀಟರ್. ಬಂದಾಗಿನಿಂದ ಗ್ಯಾರೇಜಿಗೆ ಬರುವ ಹುಡುಗರೆಲ್ಲ ಕೇಳುವುದು ಒಂದೇ: "ಅಣ್ಣಾ, ದಿನಕ್ಕೆ ಎಷ್ಟು ಹೊಡೆದ್ರಿ?"

ದಿನಕ್ಕೆ ನೂರು, ಹೆಚ್ಚೆಂದರೆ ನೂರೈವತ್ತು. ಕೇಳಿದವರಿಗೆ ಇದು ಸಪ್ಪೆ ಅನ್ನಿಸುತ್ತದೆ, ಗೊತ್ತು. ಆದರೆ ಅಲ್ಲಿ ಕಿಲೋಮೀಟರ್ ಲೆಕ್ಕ ಹಾಕಿದವರು ಕಷ್ಟಕ್ಕೆ ಬೀಳುತ್ತಾರೆ. ಲೆಕ್ಕ ಹಾಕಬೇಕಾದ್ದು ಗಂಟೆಯನ್ನು. ಬೆಳಿಗ್ಗೆ ಆರಕ್ಕೆ ಹೊರಡಿ, ಸಂಜೆ ನಾಲ್ಕಕ್ಕೆ ಗಾಡಿ ನಿಲ್ಲಿಸಿ. ರಸ್ತೆ ಎರಡೇ ಲೇನ್, ಎದುರಿಗೆ ನುಗ್ಗಿ ಬರುವ ಖಾಸಗಿ ಬಸ್ಸು, ಮಧ್ಯಾಹ್ನ ಒಂದೂವರೆಗೆ ಶಾಲೆ ಬಿಟ್ಟಾಗ ಬಿಳಿ ಸಮವಸ್ತ್ರದಲ್ಲಿ ರಸ್ತೆ ತುಂಬ ಮಕ್ಕಳು, ಬೆಟ್ಟದಲ್ಲಿ ಮಧ್ಯಾಹ್ನದ ಮೇಲೆ ಮಳೆ, ಹೊತ್ತು ಇಳಿದ ಮೇಲೆ ಆನೆ. ಮೋಟಾರುಬೈಕನ್ನು ಎಕ್ಸ್‌ಪ್ರೆಸ್‌ವೇಗೆ ಬಿಡುವುದೇ ಇಲ್ಲ, ಹಾಗಾಗಿ ವೇಗದ ದಾರಿಯ ಆಸೆಯೂ ಬೇಡ.

ಕಾಗದ ಮೊದಲು

ಸ್ವಂತ ಗಾಡಿ ಒಯ್ಯುವ ಯೋಚನೆ ನನಗೂ ಇತ್ತು. ನಾಗಪಟ್ಟಣದಿಂದ ಕಾಂಕೇಸಂತುರೈಗೆ ಹೋಗುವ ಹಡಗು ಪ್ರಯಾಣಿಕರದ್ದು ಮಾತ್ರ, ಗಾಡಿ ಹತ್ತಿಸುವುದಿಲ್ಲ. ಕಂಟೇನರಿನಲ್ಲಿ ಕಳಿಸಿ, ಗಾಡಿಯನ್ನು ಸುಂಕವಿಲ್ಲದೆ ತಾತ್ಕಾಲಿಕವಾಗಿ ಒಯ್ಯಲು ಬೇಕಾದ ಕಾರ್ನೆ ಎಂಬ ಕಾಗದ ಮಾಡಿಸಿ, ಬಂದರಿನಲ್ಲಿ ಕಾಯುವ ಶ್ರಮ ಎರಡು ವಾರದ ತಿರುಗಾಟಕ್ಕೆ ತಕ್ಕದ್ದಲ್ಲ. ವಿಮಾನದಲ್ಲಿ ಹೋಗಿ, ಅಲ್ಲೇ ಬಾಡಿಗೆಗೆ ಹಿಡಿಯಿರಿ. ವಿಮಾನ ನಿಲ್ದಾಣಕ್ಕೆ ಹತ್ತಿರದ ನೆಗೊಂಬೊದಲ್ಲಿ ಬಾಡಿಗೆ ಗಾಡಿ ಬೇಕಷ್ಟು ಸಿಗುತ್ತವೆ.

ಲೈಸೆನ್ಸಿನ ವಿಷಯದಲ್ಲಿ ಉದಾಸೀನ ಬೇಡವೇ ಬೇಡ. ಊರಿನ ಆರ್‌ಟಿಒದಲ್ಲಿ ಫಾರಂ 4ಎ ತುಂಬಿ, 1,000 ರೂಪಾಯಿ ಕಟ್ಟಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ, ಒಂದು ವರ್ಷ ನಡೆಯುತ್ತದೆ. ಅದರಲ್ಲಿ ಗೇರ್ ಬೈಕಿನ ವರ್ಗ ನಮೂದಾಗಿದೆಯೇ ಎಂದು ಕೌಂಟರಿನ ಮುಂದೆಯೇ ನಿಂತು ನೋಡಿ. ಅಷ್ಟಕ್ಕೇ ಮುಗಿಯಲಿಲ್ಲ. ಕೊಲಂಬೊದ ಗಾಲ್ ಫೇಸ್ ಹತ್ತಿರ ಆಟೊಮೊಬೈಲ್ ಅಸೋಸಿಯೇಷನ್ ಆಫ್ ಸಿಲೋನ್ ಕಚೇರಿ ಇದೆ. 2025ರ ಮಾರ್ಚ್‌ನಲ್ಲಿ ನಾವು ಹೋದಾಗ ಅಲ್ಲಿ ಶುಲ್ಕ ಕಟ್ಟಿ ಆ ಪರ್ಮಿಟ್ಟಿಗೆ ಮಾನ್ಯತೆ ಪಡೆಯಬೇಕಿತ್ತು. ನಮಗೆ ಅರ್ಧ ಗಂಟೆಯ ಕೆಲಸ. ಆದರೆ ನಾವು ಇಳಿದ ಮರುದಿನವೇ ಹುಣ್ಣಿಮೆ. ಅಲ್ಲಿ ಪ್ರತಿ ಹುಣ್ಣಿಮೆಯೂ ಪೋಯಾ ಎಂಬ ಸರ್ಕಾರಿ ರಜೆ, ಕಚೇರಿಗಳೆಲ್ಲ ಬಾಗಿಲು. ಒಂದು ಇಡೀ ದಿನ ಕಳೆದುಕೊಂಡೆವು. ಟಿಕೆಟ್ ತೆಗೆಯುವ ಮುಂಚೆ ಪಂಚಾಂಗ ತೆರೆದು ನೋಡಿ.

ಟ್ರಾವೆಲ್ ಇನ್ಶೂರೆನ್ಸ್ ಪತ್ರದ ಸಣ್ಣ ಅಕ್ಷರವನ್ನೂ ಓದಿ. ಬೈಕ್ ಓಡಿಸುವಾಗ ಬಿದ್ದರೆ ಕೊಡುವುದಿಲ್ಲ ಎಂದು ಬರೆದ ಪಾಲಿಸಿಗಳು ಬಹಳ. ಆಂಬುಲೆನ್ಸ್ ಸಂಖ್ಯೆ 1990, ಪೊಲೀಸು 119. ಎರಡನ್ನೂ ಫೋನಿನಲ್ಲಲ್ಲದೆ ಹೆಲ್ಮೆಟ್ಟಿನ ಒಳಗೂ ಒಂದು ಚೀಟಿಯಲ್ಲಿ ಬರೆದು ಅಂಟಿಸಿದ್ದೆ. 1990 ಉಚಿತ ಸೇವೆ, 2016ರಲ್ಲಿ ಭಾರತದ ನೆರವಿನಿಂದ ಶುರುವಾದದ್ದು.

ಗಾಡಿ ಆರಿಸುವಾಗ

ಇದು ನನ್ನ ಕಸುಬು, ಹಾಗಾಗಿ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಅಲ್ಲಿ ರಸ್ತೆಯಲ್ಲಿ ಕಾಣುವುದು ಪಲ್ಸರ್, ಅಪಾಚೆ, ಎಫ್‌ಝಡ್, ಅಂದರೆ ನಮ್ಮ ಗಾಡಿಗಳೇ. ಇಬ್ಬರು ಮತ್ತು ಎರಡು ಬ್ಯಾಗಿಗೆ 150 ಸಿಸಿ ಧಾರಾಳ ಸಾಕು. ದೊಡ್ಡ ಗಾಡಿಯ ಆಸೆಗೆ ಬೀಳಬೇಡಿ. ಎಫ್‌ಝಡ್‌ನ ಬ್ರೇಕ್ ಪ್ಯಾಡು ಸಣ್ಣ ಪೇಟೆಯಲ್ಲೂ ಸಿಗುತ್ತದೆ, ದೊಡ್ಡ ಗಾಡಿಯದ್ದಕ್ಕೆ ಕೊಲಂಬೊದ ದಾರಿ ಕಾಯಬೇಕು.

ಗಾಡಿ ತೋರಿಸಿದ ತಕ್ಷಣ ಸ್ಟಾರ್ಟ್ ಮಾಡಬೇಡಿ. ಮೊದಲು ಟೈರಿನ ಪಕ್ಕದಲ್ಲಿ ಅಂಡಾಕಾರದೊಳಗೆ ಇರುವ ನಾಲ್ಕು ಅಂಕಿ ಓದಿ. 2319 ಅಂತಿದ್ದರೆ 2019ರ 23ನೇ ವಾರದ ಟೈರು. ನನಗೆ ಮೊದಲು ತೋರಿಸಿದ ಗಾಡಿಯ ಹಿಂದಿನ ಟೈರು ಆರು ವರ್ಷ ಹಳೆಯದು, ಮೇಲಿನ ಬಟನ್ನು ಸವೆದಿರಲಿಲ್ಲ, ರಬ್ಬರು ಮಾತ್ರ ಕಲ್ಲಿನ ಹಾಗೆ. ಒದ್ದೆ ಘಾಟಿಯಲ್ಲಿ ಅದು ಹಿಡಿಯುವುದಿಲ್ಲ. ಬೇರೆ ಗಾಡಿ ಕೇಳಿದೆ. ಆಮೇಲೆ ಮುಂದಿನ ಬ್ರೇಕು ಒತ್ತಿ ಹಿಡಿದು ಗಾಡಿಯನ್ನು ಹಿಂದೆ ಮುಂದೆ ದೂಡಿ. ಹ್ಯಾಂಡಲ್ ಬುಡದಲ್ಲಿ 'ಟಕ್' ಅಂದರೆ ಬೇರಿಂಗ್ ಹೋಗಿದೆ. ಸೆಂಟರ್ ಸ್ಟ್ಯಾಂಡಿಗೆ ಹಾಕಿ ಹಿಂದಿನ ಚಕ್ರ ಪೂರ್ತಿ ಒಂದು ಸುತ್ತು ತಿರುಗಿಸುತ್ತ ಚೈನು ಮುಟ್ಟಿ ನೋಡಿ. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಅಂದರೆ ಚೈನು, ಸ್ಪ್ರಾಕೆಟ್ ಎರಡೂ ಮುಗಿದಿವೆ. ಅಂಥದ್ದನ್ನು ಬಿಗಿ ಮಾಡಿ ಕೊಟ್ಟರೂ ತೆಗೆದುಕೊಳ್ಳಬೇಡಿ.

ಊರಿನಿಂದ ನಾನು ಒಯ್ದದ್ದು: ಒಂದು ಕ್ಲಚ್ ಕೇಬಲ್, ಒಂದು ಆಕ್ಸಿಲರೇಟರ್ ಕೇಬಲ್, ಸ್ಪಾರ್ಕ್ ಪ್ಲಗ್, ಚೈನ್ ಲಾಕು, ಫ್ಯೂಸು, ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ಟು, ಕಾಲಿನ ಪಂಪು. ಕ್ಲಚ್ ಕೇಬಲನ್ನು ಬ್ಯಾಗಿನಲ್ಲಿ ಇಡಬೇಡಿ. ಮೊದಲ ದಿನವೇ ಹಳೆಯ ಕೇಬಲಿನ ಪಕ್ಕದಲ್ಲಿ ಅದೇ ದಾರಿಯಲ್ಲಿ ಹಾಯಿಸಿ ಟೈ ಹಾಕಿ ಕಟ್ಟಿಬಿಡಿ. ಕಾಡಿನ ಮಧ್ಯೆ ತುಂಡಾದರೆ ಎರಡು ತುದಿ ಸಿಕ್ಕಿಸುವುದಷ್ಟೇ ಕೆಲಸ, ಟ್ಯಾಂಕು ಬಿಚ್ಚುವುದು ಬೇಡ.

ಮೂಲ ಪಾಸ್‌ಪೋರ್ಟನ್ನು ಅಡವು ಕೇಳಿದರೆ ಕೊಡಬೇಡಿ, ನಕಲು ಮತ್ತು ನಗದು ಠೇವಣಿಗೆ ಒಪ್ಪಿಸಿ. ಗಾಡಿಯ ರೆವೆನ್ಯೂ ಲೈಸೆನ್ಸ್ (ವರ್ಷದ ತೆರಿಗೆ ಕಟ್ಟಿದ ಕಾಗದ) ಮತ್ತು ಇನ್ಶೂರೆನ್ಸಿನ ತಾರೀಕು ಮುಗಿದಿಲ್ಲ ತಾನೇ ಎಂದು ನೋಡಿ. ಪೊಲೀಸರು ಕೈ ತೋರಿಸಿದರೆ ಮೊದಲು ಕೇಳುವುದು ಅವನ್ನೇ. ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ಬಾಡಿಗೆಯವರ ಹೆಲ್ಮೆಟ್ಟು ನಂಬದೆ ನಾವು ಊರಿಂದಲೇ ಎರಡನ್ನೂ ಒಯ್ದೆವು.

ದಾರಿ

ಯಾವಾಗ ಹೋಗಬೇಕು ಅನ್ನುವುದಕ್ಕೆ ಆ ದ್ವೀಪದಲ್ಲಿ ಒಂದೇ ಉತ್ತರವಿಲ್ಲ, ಎರಡು ಮಳೆಗಾಲವಿದೆ. ಮೇಯಿಂದ ಸೆಪ್ಟೆಂಬರ್ ನೈಋತ್ಯದ ಮಳೆ, ನಮ್ಮ ಹಾಗೆಯೇ. ಡಿಸೆಂಬರ್‌ನಿಂದ ಫೆಬ್ರವರಿ ಈಶಾನ್ಯದ್ದು, ಅದು ಜಾಫ್ನಾ, ತ್ರಿಂಕೋಮಲಿ, ಬಟ್ಟಿಕಲೋವಕ್ಕೆ. ಇಡೀ ದ್ವೀಪ ಸುತ್ತುವುದಾದರೆ ಫೆಬ್ರವರಿ ಕೊನೆಯಿಂದ ಮಾರ್ಚ್ ಕೊನೆಯ ತನಕ ಒಳ್ಳೆಯದು. ಏಪ್ರಿಲ್ 13, 14ರ ಹೊಸ ವರ್ಷದ ವಾರ ಬೇಡ, ಅಂಗಡಿಗಳೆಲ್ಲ ಮುಚ್ಚಿರುತ್ತವೆ.

ನಾವು ಹಿಡಿದದ್ದು ಹೀಗೆ: ನೆಗೊಂಬೊ, ಪುತ್ತಳಂ, ಅನುರಾಧಪುರ, ಮನ್ನಾರ್, ಅಲ್ಲಿಂದ ಎ32 ರಸ್ತೆಯಲ್ಲಿ ಜಾಫ್ನಾ. ಎ9ರಲ್ಲಿ ವವುನಿಯಾಕ್ಕೆ ಇಳಿದು ತ್ರಿಂಕೋಮಲಿ, ಬಟ್ಟಿಕಲೋವ, ಪೊತ್ತುವಿಲ್. ಪೊತ್ತುವಿಲ್‌ನಿಂದ ಎ4ರಲ್ಲಿ ಮೊನರಾಗಲ, ವೆಲ್ಲವಾಯ, ಅಲ್ಲಿಂದ ಹತ್ತಿ ಎಲ್ಲಾ, ನುವರ ಎಲಿಯ, ಕ್ಯಾಂಡಿ, ಮತ್ತೆ ನೆಗೊಂಬೊ. ಬಯಲು ಮೊದಲು, ಬೆಟ್ಟ ಕೊನೆಗೆ ಬರುವ ಹಾಗೆ ಇಟ್ಟದ್ದು ಬೇಕಂತಲೇ. ಗಾಡಿ ಕೈಗೆ ಹೊಂದಿಕೊಳ್ಳುವವರೆಗೆ ನೇರ ರಸ್ತೆ ಬೇಕು. ನಮ್ಮ ಹಾಗೆಯೇ ಎಡಕ್ಕೆ ಓಡಿಸುವ ದೇಶವಾದ್ದರಿಂದ ಕಣ್ಣಿಗೆ ಹೊಸ ಅಭ್ಯಾಸ ಬೇಕಿಲ್ಲ. ಕಲಿಯಬೇಕಾದ್ದು ಒಂದೇ: ಝೀಬ್ರಾ ಪಟ್ಟಿಯ ಹತ್ತಿರ ಜನ ಕಾಲಿಟ್ಟರೆ ಗಾಡಿಗಳು ನಿಂತೇ ನಿಲ್ಲುತ್ತವೆ. ನೀವು ನಿಲ್ಲುತ್ತೀರಿ ಎಂದು ನಂಬಿಯೇ ಅಜ್ಜಿಯೊಬ್ಬರು ದಾಟುತ್ತಿರುತ್ತಾರೆ.

ಮನ್ನಾರಿನಲ್ಲಿ ಟ್ಯಾಂಕು ತುಂಬಿಸಿಕೊಂಡೇ ಹೊರಡಿ. ಬಂಕಿಗೆ ಅಲ್ಲಿ 'ಪೆಟ್ರೋಲ್ ಶೆಡ್' ಅನ್ನುತ್ತಾರೆ, 92 ಮತ್ತು 95 ಆಕ್ಟೇನ್ ಎರಡು ಥರ, ನಮ್ಮ ಗಾಡಿಗೆ 92 ಸಾಕು. ಎ32ರಲ್ಲಿ ಗಂಟೆಗಟ್ಟಲೆ ಪೊದೆ, ಉಪ್ಪುನೀರು, ಹಕ್ಕಿ. ಸಂಗುಪಿಡ್ಡಿ ಸೇತುವೆಯ ಮೇಲೆ ಅಡ್ಡಗಾಳಿ ಗಾಡಿಯನ್ನೇ ದೂಡುತ್ತದೆ. ಹೆಂಡತಿ ಸೊಂಟ ಬಿಗಿಯಾಗಿ ಹಿಡಿದು "ರೀ, ನಿಧಾನ" ಅಂದದ್ದು ಆ ಹದಿನಾಲ್ಕು ದಿನದಲ್ಲಿ ಅಲ್ಲಿ ಮಾತ್ರ. ಉಪ್ಪುಗಾಳಿಯ ದಿನ ಮುಗಿದ ಮೇಲೆ ಚೈನಿಗೆ ಸಿಹಿನೀರು ಹೊಯ್ದು, ಒರೆಸಿ, ಎಣ್ಣೆ ಬಿಡಲೇಬೇಕು.

ಜಾಫ್ನಾದಿಂದ ಇಳಿಯುವಾಗ ಆನೆಯಿರವು, ಕಿಳಿನೊಚ್ಚಿ ಬರುತ್ತವೆ. ಯುದ್ಧ 2009ರಲ್ಲಿ ಮುಗಿದರೂ ಆ ಭಾಗದಲ್ಲಿ ನೆಲಬಾಂಬು ತೆಗೆಯುವ ಕೆಲಸ ಇನ್ನೂ ನಡೆದಿತ್ತು. ತಲೆಬುರುಡೆಯ ಕೆಂಪು ಫಲಕ ಕಂಡ ಕಡೆ ಡಾಂಬರು ಬಿಟ್ಟು ಒಂದು ಹೆಜ್ಜೆಯೂ ಇಡಬೇಡಿ, ಮೂತ್ರಕ್ಕೂ ಪೊದೆಯ ಕಡೆ ಹೋಗಬೇಡಿ. ಫೋಟೊ ಬೇಕಾದರೆ ರಸ್ತೆಯ ಮೇಲೆ ನಿಂತೇ ತೆಗೆಯಿರಿ.

ಇನ್ನು ಆನೆ. ಸಕ್ರೆಬೈಲು ಬಿಡಾರದ ಪಳಗಿದ ಆನೆ ನೋಡಿ ಬೆಳೆದ ನಮಗೆ ಆನೆ ಅಂದರೆ ಸಲುಗೆ. ಆ ಸಲುಗೆಯನ್ನು ಊರಲ್ಲೇ ಬಿಟ್ಟು ಹೋಗಿ. ಪೊತ್ತುವಿಲ್ ದಾಟಿದರೆ ಲಾಹುಗಲ ಕಾಡು, ಎ4 ಅದರ ಅಂಚಿನಲ್ಲೇ ಹೋಗುತ್ತದೆ. ಅವತ್ತು ಪೊತ್ತುವಿಲ್‌ನ ಹತ್ತಿರ ಹಿಂದಿನ ಚಕ್ರಕ್ಕೆ ಮೊಳೆ ಹೊಕ್ಕು ಮುಕ್ಕಾಲು ಗಂಟೆ ಹೋಯಿತು. ಬೆಳಿಗ್ಗೆ ಬೇರೆ ಸಮುದ್ರ ನೋಡುತ್ತ ಕೂತು ತಡ ಮಾಡಿದ್ದೆವು. ಲಾಹುಗಲಕ್ಕೆ ಬಂದಾಗ ಐದು ಗಂಟೆ. ಸೈಕಲ್ಲಿನಲ್ಲಿದ್ದ ಹಿರಿಯರೊಬ್ಬರು ಕೈ ಅಡ್ಡ ಹಿಡಿದು, "ಮಲ್ಲಿ, ಅಲಿ!" ಅಂದರು. ಮಲ್ಲಿ ಅಂದರೆ ಸಿಂಹಳದಲ್ಲಿ ತಮ್ಮ, ಅಲಿ ಅಂದರೆ ಆನೆಗಳು. ಮುಂದೆ ತಿರುವಿನಲ್ಲಿ ಒಂಟಿ ಸಲಗ ರಸ್ತೆಯಲ್ಲೇ ನಿಂತಿತ್ತು. ಆ ಹಿರಿಯರು ನಮ್ಮನ್ನು ಇಪ್ಪತ್ತು ನಿಮಿಷ ಅಲ್ಲೇ ನಿಲ್ಲಿಸಿಕೊಂಡು, ಬಸ್ಸೊಂದು ಬಂದಾಗ ಡ್ರೈವರಿಗೆ ಏನೋ ಹೇಳಿ, ಅದರ ಬಾಲಕ್ಕೆ ಅಂಟಿಸಿ ಕಳಿಸಿದರು. ಅವರಿಲ್ಲದಿದ್ದರೆ ತಿರುವಿನಲ್ಲಿ ನಾವು ಸಲಗದ ಕಾಲ ಬುಡದಲ್ಲೇ ಇರುತ್ತಿದ್ದೆವು. ಆನೆ ಕಂಡರೆ ಹಾರ್ನ್ ಬೇಡ, ಲೈಟು ಮಿನುಗಿಸುವುದು ಬೇಡ, ತಿನ್ನಲು ಕೊಡುವುದಂತೂ ಬೇಡ. ದೂರದಲ್ಲೇ ತಿರುಗಿಸಿಕೊಂಡು ನಿಂತು, ದೊಡ್ಡ ಗಾಡಿ ಬರುವ ತನಕ ಕಾಯಿರಿ. ನಾಲ್ಕು ಗಂಟೆಯ ನಿಯಮ ನಾವು ಮುರಿದದ್ದು ಅವತ್ತು ಒಂದೇ ದಿನ.

ವೆಲ್ಲವಾಯದಿಂದ ಎಲ್ಲಾಕ್ಕೆ ಹತ್ತುವ ದಾರಿಯನ್ನು ಆಗುಂಬೆ, ಹುಲಿಕಲ್ ಘಾಟಿ ಓಡಿಸಿದವರು ಸಲೀಸಾಗಿ ಹತ್ತುತ್ತೀರಿ. ಕಷ್ಟ ಇರುವುದು ಇಳಿಯುವಾಗ. ನುವರ ಎಲಿಯ ಸುಮಾರು 1,870 ಮೀಟರ್ ಎತ್ತರ, ಕ್ಯಾಂಡಿ ಸುಮಾರು 500. ಎಪ್ಪತ್ತೇಳು ಕಿಲೋಮೀಟರಿನಲ್ಲಿ ಅಷ್ಟೂ ಇಳಿಯಬೇಕು. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ, ಬ್ರೇಕನ್ನು ಒತ್ತಿ ಬಿಟ್ಟು ಒತ್ತಿ ಬಿಟ್ಟು ಹಿಡಿಯಿರಿ. ಒಂದೇ ಸಮ ಒತ್ತಿಕೊಂಡು ಬಂದರೆ ಡಿಸ್ಕು ಕಾದು, ಬೇಕಾದಾಗ ಲಿವರು ಮೆತ್ತಗಾಗಿಬಿಡುತ್ತದೆ. ನಾವು ಹೋಗಿ ಬಂದ ಮೇಲೆ, 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಈ ಬೆಟ್ಟದ ಊರುಗಳನ್ನು ಬಹಳ ನೋಯಿಸಿತು. ಸುದ್ದಿ ನೋಡುವಾಗ ನಮ್ಮ ಶಿರೂರಿನ ಗುಡ್ಡ ಕುಸಿದ ದಿನಗಳೇ ನೆನಪಾದವು. ಹಾಗಾಗಿ ಬೆಟ್ಟ ಹತ್ತುವ ಹಿಂದಿನ ರಾತ್ರಿ ಉಳಿದ ಮನೆಯವರನ್ನು ರಸ್ತೆ ಹೇಗಿದೆ ಎಂದು ಕೇಳಿ. ಅಲ್ಲಿನ ಎನ್‌ಬಿಆರ್‌ಒ ಸಂಸ್ಥೆ ಗುಡ್ಡ ಕುಸಿತದ ಎಚ್ಚರಿಕೆಯನ್ನು ಹಳದಿ, ಕಿತ್ತಳೆ, ಕೆಂಪು ಎಂದು ಕೊಡುತ್ತದೆ. ಕೆಂಪು ಇದ್ದರೆ ಒಂದು ದಿನ ಕೂತುಬಿಡಿ.

ಊಟ, ಮಾತು

ನಮ್ಮದು ಸಸ್ಯಾಹಾರ. ಅಲ್ಲಿ ತರಕಾರಿ ಪಲ್ಯಕ್ಕೂ, ಕಾಯಿ ಚಟ್ನಿಯಂಥ ಪೊಲ್ ಸಂಬೋಲಿಗೂ ಒಣಮೀನಿನ ಪುಡಿ ಹಾಕುತ್ತಾರೆ. "ಉಂಬಲಕಡ ಎಪಾ" ಅನ್ನಿ, ಒಣಮೀನು ಬೇಡ ಎಂದು ಅರ್ಥ. ಜಾಫ್ನಾ ಕಡೆ ಸೈವ ಹೋಟೆಲುಗಳಿವೆ, ಅಂದರೆ ಸಸ್ಯಾಹಾರಿ, ಅಲ್ಲಿ ಯೋಚನೆಯಿಲ್ಲ. ನಾವು ಹೋದದ್ದು ರಂಜಾನ್ ತಿಂಗಳು, ಪೂರ್ವ ಕರಾವಳಿಯ ಕಾತ್ತಾನ್‌ಕುಡಿ, ಕಲ್ಮುನೈಯಲ್ಲಿ ಹಗಲು ಊಟದ ಅಂಗಡಿಗಳು ಮುಚ್ಚಿದ್ದವು. ಬಟ್ಟಿಕಲೋವದಲ್ಲೇ ಇಡಿಯಪ್ಪ ಕಟ್ಟಿಸಿಕೊಂಡಿದ್ದೆವು. ಬಿಸಿಲಿಗೆ ಕೆಂದೆಳನೀರು ಒಂದೇ ಸಾಕು, ತಂಬಿಲಿ ಎಂದು ಕೇಳಿದರೆ ಕೊಚ್ಚಿ ಕೊಡುತ್ತಾರೆ. ಎಮ್ಮೆ ಮೊಸರಿನ ಮೇಲೆ ಹೊಯ್ಯುವ ಕಿತುಲ್ ಪಾಕ ನಾಲಿಗೆಗೆ ಬಿದ್ದಾಗ ಹೆಂಡತಿ ಥಟ್ಟನೆ ಹೇಳಿದಳು, "ಇದು ನಮ್ಮ ಬೈನೆ ಮರದ್ದೇ." ಹೌದು, ಅದೇ ಮರ.

ನಾಲ್ಕು ಮಾತು ಕಲಿತು ಹೋಗಿ. ವಮ ಅಂದರೆ ಎಡ, ದಕುಣ ಬಲ, ಹುಳಂ ಅಂದರೆ ಟೈರಿಗೆ ಹಾಕುವ ಗಾಳಿ. ಅಣ್ಣನಿಗೆ ಅಯ್ಯಾ, ಅಕ್ಕನಿಗೆ ಅಕ್ಕಾ, ತಂಗಿಗೆ ನಂಗಿ. ಗುಡಿಯಲ್ಲಿ ಬುದ್ಧನ ಮೂರ್ತಿಗೆ ಬೆನ್ನು ಮಾಡಿ ಫೋಟೊ ತೆಗೆಸಿಕೊಳ್ಳಬೇಡಿ, ಅವರಿಗೆ ನಿಜಕ್ಕೂ ನೋವಾಗುತ್ತದೆ.

ಗಾಡಿ ಪಡೆಯುವ ದಿನ ಸುತ್ತಲೂ ವಿಡಿಯೊ ಮಾಡಿಟ್ಟುಕೊಂಡಿದ್ದರೆ ವಾಪಸು ಕೊಡುವಾಗ ಗೀರಿನ ಜಗಳ ಇರುವುದಿಲ್ಲ. ಕೊನೆಯ ದಿನ ನಾನು ಚೈನು ತೊಳೆದು ಎಣ್ಣೆ ಬಿಟ್ಟು, ಹಿಂದಿನ ಟೈರಿಗೆ ಹಾಕಿದ ಪ್ಲಗ್ಗು ಎಲ್ಲಿದೆ ಎಂದು ಅಂಗಡಿಯ ಹುಡುಗನಿಗೆ ತೋರಿಸಿದೆ. ಕಟ್ಟಿದ್ದ ಕ್ಲಚ್ ಕೇಬಲ್ ಬಿಚ್ಚಲು ಕೈ ಹಾಕಿ ಬಿಟ್ಟೆ. ಅದು ಏನು, ಹೇಗೆ ಸಿಕ್ಕಿಸಬೇಕು ಎಂದು ಅವನಿಗೆ ಎರಡು ಸಲ ಮಾಡಿ ತೋರಿಸಿ, ಮುಂದಿನವರಿಗೂ ಹೇಳು ಅಂದೆ.