ವಿಮಾನ ಎಷ್ಟು ಹೊತ್ತು ಹಾರುತ್ತದೆ? ಮನೆಯಲ್ಲೇ ಲೆಕ್ಕ ಹಾಕಿ

ಕಳೆದ ಡಿಸೆಂಬರ್‌ನಲ್ಲಿ ನನ್ನ ತಂಗಿ ಬೆಂಗಳೂರಿನಿಂದ ಲಂಡನ್‌ಗೆ ಹೊರಟಳು. ಮಧ್ಯಾಹ್ನ 1ಕ್ಕೆ ಹೊರಟು ಸಂಜೆ 6ಕ್ಕೆ ಇಳಿಯುತ್ತದೆ ಅಂತ ಟಿಕೆಟ್‌ನಲ್ಲಿತ್ತು. ಐದೇ ಗಂಟೆ ಅಲ್ವಾ ಅಂದುಕೊಂಡು ಅಮ್ಮ ಸಂಜೆ 6ರಿಂದಲೇ ಫೋನ್ ತೊಡೆ ಮೇಲಿಟ್ಟುಕೊಂಡು ಕೂತರು, ರಾತ್ರಿ ಊಟಾನೂ ಮಾಡಲಿಲ್ಲ. ತಂಗಿಯ ಮೆಸೇಜ್ ಬಂದದ್ದು ಹನ್ನೊಂದೂಮುಕ್ಕಾಲಿಗೆ. ಆ ಸಂಕಟ ಬೇರೆ ಯಾರ ಮನೆಯಲ್ಲೂ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ಇಳಿಯುವ ಸಮಯ ಇಳಿಯುವ ಊರಿನದು. ಸುಮ್ನೆ ಕಳೆಯಬೇಡಿ. ಮೊದಲು ಎರಡನ್ನೂ ನಮ್ಮ ಟೈಮ್‌ಗೆ ತನ್ನಿ. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ, ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆವರೆಗೆ ನಾಲ್ಕೂವರೆ. ಡಿಸೆಂಬರ್‌ನಲ್ಲಿ ಅಲ್ಲಿ ಸಂಜೆ 6 ಅಂದರೆ ಇಲ್ಲಿ ರಾತ್ರಿ 11:30. ಮಧ್ಯಾಹ್ನ 1ರಿಂದ ಎಣಿಸಿ, ಹತ್ತೂವರೆ ಗಂಟೆ.

ಟಿಕೆಟ್ ಇನ್ನೂ ತೆಗೆದಿಲ್ಲ ಅಂದರೆ ದೂರದಿಂದ ಶುರು ಮಾಡಿ. ಗೋಡೆ ಮೇಲಿನ ಮ್ಯಾಪ್ ನಂಬಬೇಡಿ, ಅದು ಉತ್ತರದ ದೇಶಗಳನ್ನು ಎಳೆದು ಹಿಗ್ಗಿಸಿರುತ್ತದೆ. ಮಕ್ಕಳ ಗ್ಲೋಬ್ ತಗೊಳ್ಳಿ, ಹೂ ಕಟ್ಟುವ ದಾರ ತಗೊಳ್ಳಿ. ಗ್ಲೋಬಿನ ನಡುವಿಗೆ ದಾರ ಸುತ್ತಿ ಸ್ಕೇಲಿನಲ್ಲಿ ಅಳೆಯಿರಿ. ನಮ್ಮ ಮನೆಯದು 64 ಸೆಂ.ಮೀ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ., ಹಾಗಾಗಿ ಒಂದು ಸೆಂ.ಮೀ.ಗೆ 625 ಕಿ.ಮೀ. ಈಗ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ, ಇನ್ನೊಂದನ್ನು ಲಂಡನ್ ಮೇಲೆ ಒತ್ತಿ ಹಿಡಿದು ಬಿಗಿಯಾಗಿ ಎಳೆಯಿರಿ. ಹತ್ತಿರ ಹತ್ತಿರ 13 ಸೆಂ.ಮೀ. ಬರುತ್ತದೆ, ಅಂದರೆ ಸುಮಾರು 8,050 ಕಿ.ಮೀ. ಸ್ಯಾನ್ ಫ್ರಾನ್ಸಿಸ್ಕೋಗೆ ಎಳೆದು ನೋಡಿ, ದಾರ ತಾನಾಗಿಯೇ ಉತ್ತರಕ್ಕೆ ಜಾರಿ ಹಿಮಾಲಯ, ಸೈಬೀರಿಯಾ, ಅಲಾಸ್ಕಾ ದಾಟಿ ಕೆಳಗಿಳಿಯುತ್ತದೆ! ಸುಮಾರು 14,000 ಕಿ.ಮೀ. ನನಗೆ ಇದನ್ನು ಎಷ್ಟು ಸಲ ಮಾಡಿದರೂ ಬೇಜಾರಾಗುವುದಿಲ್ಲ.

ದೂರವನ್ನು 850ರಿಂದ ಭಾಗಿಸಿ ಅರ್ಧ ಗಂಟೆ ಸೇರಿಸಿ. ದೊಡ್ಡ ವಿಮಾನ ಮೇಲೆ ಗಂಟೆಗೆ ಸುಮಾರು 900 ಕಿ.ಮೀ. ಹೋಗುತ್ತದೆ, ಆದರೆ ಏರುವಾಗ ಇಳಿಯುವಾಗ ನಿಧಾನ. ಲಂಡನ್‌ಗೆ 10 ಗಂಟೆ ಬರುತ್ತದೆ. ಆದರೆ ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ, ಅದನ್ನೇ ಜೆಟ್ ಸ್ಟ್ರೀಮ್ ಅನ್ನುವುದು. ಹೋಗುವಾಗ ಅದು ಎದುರು ಗಾಳಿ, ಅರ್ಧ ಗಂಟೆ ಜಾಸ್ತಿ. ಬರುವಾಗ ಬೆನ್ನಿಗೆ ಬೀಸುತ್ತದೆ, ಅರ್ಧ ಗಂಟೆ ಕಮ್ಮಿ.

ವಿಮಾನ ದಾರದ ಗೆರೆ ಮೇಲೇ ಹೋಗುತ್ತದೆ ಅಂತೇನಿಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲೆ ಹಾರಿಸಿಕೊಂಡು ಬಂದಾಗ ಸುಮಾರು 16,000 ಕಿ.ಮೀ. ಆಯಿತು, ಸುಮಾರು 17 ಗಂಟೆ ಹಿಡಿಯಿತು. ಅದಕ್ಕೇ ನಿಮ್ಮ ಲೆಕ್ಕಕ್ಕೆ ಮೇಲೆ ಕೆಳಗೆ ಒಂದು ಗಂಟೆ ಬಿಟ್ಟುಕೊಳ್ಳಿ. ಮಧ್ಯೆ ದುಬೈನಲ್ಲೋ ದೋಹಾದಲ್ಲೋ ಇಳಿದು ಹತ್ತುವುದಿದ್ದರೆ ಎರಡು ಹಾರಾಟವನ್ನೂ ಬೇರೆ ಬೇರೆ ಲೆಕ್ಕ ಹಾಕಿ, ಕಾಯುವ ಹೊತ್ತನ್ನು ಆಮೇಲೆ ಸೇರಿಸಿ.

ಫೆಬ್ರವರಿಯಲ್ಲಿ ತಂಗಿ ವಾಪಸ್ ಬಂದಳು. ಲಂಡನ್‌ನಲ್ಲಿ ರಾತ್ರಿ 9ಕ್ಕೆ ವಿಮಾನ. ಅಡುಗೆಮನೆ ಕ್ಯಾಲೆಂಡರ್ ಮೇಲೆ ಅಮ್ಮನೇ ಪೆನ್ಸಿಲ್‌ನಲ್ಲಿ ಬರೆದಿಟ್ಟರು: "ಹೊರಡುವುದು ನಮ್ಮ 2:30 ಬೆಳಗಿನ ಜಾವ, ದೇವನಹಳ್ಳಿಗೆ ಮಧ್ಯಾಹ್ನ 12, ಮನೆಗೆ 3."